ಲಾಂಗ್ ರೈಡ್‌ಗೆ ಹಳೇ ಡೀಸೆಲ್ ಬುಲೆಟ್ ತಗೊಳ್ಳಬಹುದಾ?

ಹಳೇ ಡೀಸೆಲ್ ಬುಲೆಟ್ ಒಂದು ಸಿಕ್ಕಿದೆ, ಬೆಂಗಳೂರಿನಿಂದ ದೂರದ ಊರುಗಳಿಗೆ ಓಡಿಸೋಕೆ ತಗೊಳ್ಳಲಾ ಅಂತ ಕೇಳಿದ್ದೀರಿ. ನಿಮಗೆ ಅವಸರ ಇಲ್ಲದಿದ್ದರೆ ತಗೊಳ್ಳಿ. ದುಡ್ಡು ಉಳಿಸೋಕೆ ಅಂತಾದರೆ ಬೇಡ.

ನಮ್ಮ ಸೋದರಮಾವನ ಹತ್ತಿರ ಎನ್‌ಫೀಲ್ಡ್ ಟಾರಸ್ ಅನ್ನೋ ಡೀಸೆಲ್ ಬುಲೆಟ್ ಇತ್ತು. 325 ಸಿಸಿ, ಬರೀ 6.5 ಹಾರ್ಸ್ ಪವರ್. ಲೀಟರಿಗೆ 70 ಕಿ.ಮೀ. ಕೊಡುತ್ತಿತ್ತು. ರಾಜಾಜಿನಗರದಿಂದ ಶಿವಮೊಗ್ಗಕ್ಕೆ ಹತ್ತಿರಹತ್ತಿರ 300 ಕಿ.ಮೀ. ಅಲ್ವಾ, ನಾಲ್ಕೂವರೆ ಲೀಟರಿನಲ್ಲಿ ಮುಟ್ಟುತ್ತಿದ್ದೆವು. 90ರ ದಶಕದಲ್ಲಿ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. ಈಗ ಅಷ್ಟು ವ್ಯತ್ಯಾಸ ಎಲ್ಲಿದೆ?

ಆ ಮೈಲೇಜ್ ಸುಮ್ನೆ ಬರುವುದಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ನೀವು ಎಕ್ಸಲೇಟರ್ ತಿರುಗಿಸಿದರೆ ಗಾಳಿಯಲ್ಲ, ಡೀಸೆಲ್ ಮಾತ್ರ ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ನಿಧಾನಕ್ಕೆ ಹೋದಷ್ಟೂ ಕುಡಿಯುವುದು ಕಡಿಮೆ. ಅಷ್ಟು ಒತ್ತಡ ತಡೆಯೋಕೆ ಎಂಜಿನ್ ದಪ್ಪ ಇರಲೇಬೇಕು, ಅದಕ್ಕೇ ಆ ಭಾರ, ಆ ನಡುಕ. ತಿಪಟೂರು ದಾಟುವಷ್ಟರಲ್ಲಿ ಅಂಗೈ ಜುಮ್ಮೆನ್ನುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಲಾರಿ ಬರೀ ಬಣ್ಣದ ಮಚ್ಚೆ. ಆದರೆ 50ರ ವೇಗದಲ್ಲಿ ಇಬ್ಬರು, ಎರಡು ಚೀಲ, ಒಂದೇ ಸಮ ದುಡುದುಡು ಅಂತ ದಿನವಿಡೀ ಓಡುತ್ತಿತ್ತು. ಆ ನಿಧಾನದಲ್ಲಿ ಅರಸೀಕೆರೆಯ ತೆಂಗಿನ ತೋಟಗಳನ್ನು ನೋಡಿದ ಹಾಗೆ ನಾನು ಬೇರೆ ಯಾವ ಗಾಡಿಯಲ್ಲೂ ನೋಡಿಲ್ಲ. ಘಾಟಿಯಲ್ಲಿ ಮಾತ್ರ ಏದುಸಿರು, ಎರಡನೇ ಗೇರು.

ಒಂದು ಸಲ ಕಡೂರಿನ ಹತ್ತಿರ ರಾತ್ರಿ ಟ್ಯಾಂಕ್ ಖಾಲಿಯಾಯಿತು. ಡೀಸೆಲ್ ತಂದು ಹಾಕಿದರೂ ಸ್ಟಾರ್ಟ್ ಆಗಲಿಲ್ಲ. ಏರ್ ಲಾಕ್! ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿತ್ತು. ಮಾವ ಆ ಪೈಪಿನ ನಟ್ಟು ಸಡಿಲ ಮಾಡಿ, ನನ್ನ ಕೈಲಿ ಮೆಲ್ಲಗೆ ಕಿಕ್ ಒತ್ತಿಸಿದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಕೊನೆಗೆ ತಿಳಿ ಡೀಸೆಲ್. ಆಗ ನಟ್ಟು ಬಿಗಿದರು. ಈ ಕೆಲಸ ನೀವೂ ಕಲಿಯಲೇಬೇಕು, ದಾರಿಯಲ್ಲಿ ಸಿಗುವ ಬೈಕ್ ಮೆಕ್ಯಾನಿಕ್‌ಗಳಲ್ಲಿ ಡೀಸೆಲ್ ಬಲ್ಲವರು ಕಡಿಮೆ. ಟ್ರ್ಯಾಕ್ಟರ್ ರಿಪೇರಿ ಮಾಡುವವರನ್ನು ಕೇಳಿ.

ತಗೊಳ್ಳೋ ಮುಂಚೆ ಆರ್‌ಸಿ ಚಾಲ್ತಿಯಲ್ಲಿದೆಯಾ ನೋಡಿ, 15 ವರ್ಷ ದಾಟಿದ ಗಾಡಿ ಅದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಕಿಕ್ ಹೊಡೆಯಿರಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ, ನಾಳೆ ಬರ್ತೀನಿ ಅಂತ ಹೇಳಿ ವಾಪಸ್ ಬನ್ನಿ.