ಪರೀಕ್ಷೆ ಮುಗಿದ ಮೇಲೆ ಕಾಶಿಯೋ, ಕೋಚಿಂಗೋ?

ಪ್ರಶ್ನೆ: ನಾನು ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಬಂಕಾಪುರದ ಹತ್ತಿರ. ಇತಿಹಾಸ ನನ್ನ ಮೆಚ್ಚಿನ ವಿಷಯ. ಪರೀಕ್ಷೆ ಮುಗಿದ ಕೂಡಲೇ ಇಬ್ಬರು ಗೆಳತಿಯರೊಂದಿಗೆ ಮೂರು ತಿಂಗಳು ಅಜಂತಾ, ಎಲ್ಲೋರಾ, ಸಾಂಚಿ, ಕಾಶಿ ನೋಡಿಕೊಂಡು ಬರುವ ಆಸೆಯಿದೆ. ಟ್ಯೂಷನ್ ಹೇಳಿ ಕೂಡಿಸಿದ ಸ್ವಲ್ಪ ಹಣವೂ ಇದೆ. ಎಂ.ಎ. ಮಾಡಬೇಕೆಂದೂ ಅನಿಸುತ್ತದೆ. ಅಪ್ಪ ಮಾತ್ರ ಈ ಸಲದ ಗೋವಿನಜೋಳದ ಹಣದಲ್ಲಿ ಇಲ್ಲಿಯ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆ ಫೀ ತುಂಬುವುದಾಗಿ ನಿಶ್ಚಯಿಸಿದ್ದಾರೆ. ಕಾಕಾ ಒಂದು ವರನ ಸುದ್ದಿಯನ್ನೂ ತಂದಿದ್ದಾರೆ. ಹೋದ ವರ್ಷ ಕಾಲೇಜಿನ ಪ್ರವಾಸವೆಂದು ಅವ್ವನಿಗೆ ಸುಳ್ಳು ಹೇಳಿ ಗೆಳತಿಯರೊಂದಿಗೆ ಹಂಪಿಗೆ ಹೋಗಿದ್ದೆ. ಈ ಸಲವೂ ಏನಾದರೂ ಹೇಳಿ ಹೊರಟುಬಿಡಲೇ?

ಉತ್ತರ: ಬೇಡ. ಹಂಪಿಯನ್ನು ಮುಚ್ಚಿಟ್ಟಂತೆ ಕಾಶಿಯನ್ನು ಮುಚ್ಚಿಡಲಾಗುವುದಿಲ್ಲ. ಪರಊರಿನಲ್ಲಿ ನಿಮ್ಮಲ್ಲೊಬ್ಬರಿಗೆ ಜ್ವರ ಬಂದರೂ ಮೊದಲು ಫೋನ್ ಮಾಡಬೇಕಾದದ್ದು ಮನೆಗೇ ಅಲ್ಲವೇ? ಆ ಹೊತ್ತಿನಲ್ಲಿ ಎಲ್ಲಿದ್ದೇನೆಂದು ಹೇಳಲಾಗದ ಸ್ಥಿತಿಯನ್ನು ನೀವೇ ತಂದುಕೊಳ್ಳಬೇಡಿ.

ಹಾಗೆಂದು ನಿಮ್ಮ ಆಸೆಯನ್ನು ಹುಡುಗಾಟವೆಂದು ನಾನು ತಳ್ಳಿಹಾಕುವುದಿಲ್ಲ. ಬಂಕಾಪುರಕ್ಕೆ ಆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷನ ಸೇನಾನಿ ಬಂಕೆಯನಿಂದ. ಎಲ್ಲೋರಾದ ಕೈಲಾಸ ದೇವಾಲಯವನ್ನು ಬಂಡೆಯಲ್ಲಿ ಕೊರೆಯಿಸಿದವನು ಅದೇ ವಂಶದ ಒಂದನೆಯ ಕೃಷ್ಣ. ಬಂಕಾಪುರದ ಅರವತ್ತು ಕಂಬದ ಗುಡಿಯ ಅಂಗಳದಲ್ಲಿ ನವಿಲುಗಳ ಕೂಗು ಕೇಳುತ್ತ ಬೆಳೆದ ಹುಡುಗಿಗೆ ಎಲ್ಲೋರಾ ನೋಡಬೇಕೆನಿಸುವುದು ಸಹಜ, ಇತಿಹಾಸದ ವಿದ್ಯಾರ್ಥಿನಿಗಂತೂ ಅದು ಓದಿನದೇ ಭಾಗ. ನನ್ನ ತಕರಾರು ಪ್ರವಾಸದ ಬಗ್ಗೆ ಅಲ್ಲ, ಆ ಮೂರು ತಿಂಗಳ ಬಗ್ಗೆ. ಪದವಿಯ ಫಲಿತಾಂಶ ಬಂದ ಮೇಲೆ ಸ್ನಾತಕೋತ್ತರ ಪ್ರವೇಶದ ಪ್ರಕಟಣೆ, ಅರ್ಜಿ, ಮೂಲ ದಾಖಲೆಗಳ ಪರಿಶೀಲನೆ ಬಹಳ ಬಿಡುವಿಲ್ಲದೆ ನಡೆದುಹೋಗುತ್ತವೆ. ನೀವು ಕಾಶಿಯ ಘಾಟಿನಲ್ಲಿದ್ದಾಗ ಇಲ್ಲಿ ಕೊನೆಯ ದಿನಾಂಕ ಮುಗಿದರೆ, ಹೋಗುವುದು ಮೂರು ತಿಂಗಳಲ್ಲ, ಇಡೀ ಒಂದು ವರ್ಷ. ಆಗ ಕಾಕಾ ತಂದ ವರನ ಮಾತಿಗೆ ಮನೆಯಲ್ಲಿ ಎಷ್ಟು ಬಲ ಬರುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಕೊನೆಯ ಪೇಪರಿಗೂ ಫಲಿತಾಂಶಕ್ಕೂ ನಡುವಿನ ಬಿಡುವಿನಲ್ಲಿ ಎರಡು ವಾರದ ಪ್ರವಾಸ ಮಾಡಿ, ಅಜಂತಾ ಮತ್ತು ಎಲ್ಲೋರಾಗಳಷ್ಟಕ್ಕೇ ನಿಲ್ಲಿಸಿ. ಸಾಂಚಿ, ಕಾಶಿಗಳನ್ನು ಎಂ.ಎ. ರಜೆಗೆ ಇಟ್ಟುಕೊಳ್ಳಬಹುದು. ಹೊರಡುವ ದಿನ, ಮರಳುವ ದಿನ, ಉಳಿಯುವ ಸ್ಥಳ, ಗೆಳತಿಯರ ಮನೆಯ ಫೋನ್ ಸಂಖ್ಯೆ ಇವೆಲ್ಲ ಅಪ್ಪನ ಕೈಯಲ್ಲಿರಲಿ. ಮರಳುವ ದಿನವೇ ಗೊತ್ತಿಲ್ಲದ ಪ್ರವಾಸಕ್ಕೆ ಯಾವ ತಂದೆಯೂ ಹೂಂ ಅನ್ನುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಎಂ.ಎ. ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದೇ ಮುಖ್ಯವೆನಿಸಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಗಳಿಗೆಂದೇ ಒಂದು ವಿಭಾಗವಿದೆ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯೂ ಅಲ್ಲೇ ಇದೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಒಂದು ವೃತ್ತ ಕಚೇರಿ ಧಾರವಾಡದಲ್ಲಿಯೇ ಇದ್ದರೆ, ಶಾಸನ ಶಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಬೇರೆ ಊರುಗಳಿಂದ ಜನರು ಹುಡುಕಿಕೊಂಡು ಬರುವ ವಿದ್ಯೆ ನಿಮ್ಮ ಹಾಸ್ಟೆಲಿನಿಂದ ಸಿಟಿ ಬಸ್ಸಿನ ದೂರದಲ್ಲಿದೆ. ಪರೀಕ್ಷೆಗೆ ಮೊದಲೇ ಒಂದು ಮಧ್ಯಾಹ್ನ ವಿಭಾಗಕ್ಕೆ ಹೋಗಿ ಅಧ್ಯಾಪಕರನ್ನು ಕಾಣಿರಿ. ಅಲ್ಲಿ ಓದಿದವರು ಈಗ ಎಲ್ಲೆಲ್ಲಿ ಕೆಲಸದಲ್ಲಿದ್ದಾರೆಂದು ಸಂಕೋಚವಿಲ್ಲದೆ ಕೇಳಿ, ಏಕೆಂದರೆ ಅಪ್ಪ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ ಅದೇ.

ಕೋಚಿಂಗ್ ವಿಷಯದಲ್ಲಿ ಅಪ್ಪನ ಆತಂಕ ವಯಸ್ಸಿನದಾಗಿದ್ದರೆ ಅದಕ್ಕೆ ಉತ್ತರ ಸುಲಭ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರೂ 32 ವರ್ಷದವರೆಗೆ ಆರು ಸಲ ಕುಳಿತುಕೊಳ್ಳಬಹುದು, ಮೀಸಲು ವರ್ಗಗಳಿಗೆ ಅವಕಾಶ ಇನ್ನೂ ಹೆಚ್ಚು. ಇತಿಹಾಸವನ್ನು ಐಚ್ಛಿಕ ವಿಷಯವಾಗಿಯೂ ಆರಿಸಿಕೊಳ್ಳಬಹುದು. ಎರಡು ವರ್ಷದ ಎಂ.ಎ. ಆ ದಾರಿಯನ್ನು ಮುಚ್ಚುವುದಿಲ್ಲ. ಸಪ್ತಾಪುರದ ರೀಡಿಂಗ್ ರೂಮುಗಳಲ್ಲಿ ನಿಜವಾದ ಹಟದಿಂದ ಓದುವವರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಮನೆಯವರಿಗೆ ಬೇರೇನು ಹೇಳಬೇಕೆಂದು ತಿಳಿಯದೆ ಅಲ್ಲಿ ಕುಳಿತವರೂ ಇದ್ದಾರೆ, ಅವರು ವರ್ಷಗಳನ್ನು ಕಳೆಯುವುದು ಊರಿನ ಕಣ್ಣಿಗೆ ತಿರುಗಾಟವಾಗಿ ಕಾಣುವುದಿಲ್ಲ, ಅಷ್ಟೇ. ಮನಸ್ಸಿಲ್ಲದ ನಿಮ್ಮ ಮೇಲೆ ಗೋವಿನಜೋಳದ ಹಣ ಹಾಕಿಸಿಕೊಳ್ಳುವುದು ಹಂಪಿಯ ಸುಳ್ಳಿಗಿಂತ ದೊಡ್ಡ ಸುಳ್ಳಾದೀತು. ಬೆಳೆಯ ಬೆಲೆ ಯಾವಾಗ ಕುಸಿಯುತ್ತದೆಂದು ತಿಳಿಯದ ರೈತರು ಅವರು. ಫೀ ತುಂಬುವ ಮೊದಲೇ ನಿಮ್ಮ ಮಾತು ಅವರಿಗೆ ತಿಳಿಯಬೇಕು.

ಇನ್ನು ಹಂಪಿ. ಅದನ್ನು ಅವ್ವನಿಗೆ ಹೇಳಿ, ಆದರೆ ಪ್ರವಾಸಕ್ಕೆ ಅನುಮತಿ ಕೇಳುವ ದಿನ ಹೇಳಬೇಡಿ. ಅಂದು ಹೇಳಿದರೆ ಅದು ತಪ್ಪೊಪ್ಪಿಗೆಯಂತೆ ಅಲ್ಲ, ಚೌಕಾಸಿಯಂತೆ ಕೇಳಿಸುತ್ತದೆ. ಫೋನಿನಲ್ಲಿ ಬೇಡ, ಊರಿಗೆ ಹೋಗಿ ಒಲೆಯ ಮುಂದೆ ಕುಳಿತು ಹೇಳಿ. ಅವರು ಬೈದರೆ ಬೈಸಿಕೊಳ್ಳಿ. ಅದಾದ ಒಂದೆರಡು ವಾರಗಳ ಮೇಲೆ ಅವರನ್ನೇ ಲಕ್ಕುಂಡಿಗೆ ಕರೆದುಕೊಂಡು ಹೋಗಿ. ಶಕ್ತಿ ಯೋಜನೆಯಿಂದಾಗಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಇಬ್ಬರಿಗೂ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಮುಂದೆ ನಿಂತು ನೀವು ಮಾತಾಡುವುದನ್ನು ಅವ್ವ ಒಮ್ಮೆ ಕೇಳಲಿ. ಮಗಳು ಏನು ಓದುತ್ತಿದ್ದಾಳೆಂಬುದನ್ನು ಕಾಣುವ ಅವಕಾಶ ಅವರಿಗೂ ಈವರೆಗೆ ಸಿಕ್ಕಿರಲಾರದು, ಮತ್ತು ಅಪ್ಪನೊಡನೆ ಮಾತಾಡುವಾಗ ನಿಮಗೆ ಬೇಕಾಗುವ ಬೆಂಬಲ ಅವರದೇ.

ವರನ ವಿಷಯಕ್ಕೆ ಹೆಚ್ಚು ಮಾತು ಬೇಡ. ಎಂ.ಎ. ಮುಗಿಯುವವರೆಗೆ ಮದುವೆಯ ಮಾತು ಬೇಡವೆಂದು ಕಾಕಾ ಎದುರಿಗೇ, ಅಪ್ಪ ಇರುವಾಗ, ಮರ್ಯಾದೆಯಿಂದ ಒಮ್ಮೆ ಹೇಳಿ. ಸುಮ್ಮನಿದ್ದರೆ ಅದನ್ನೇ ಒಪ್ಪಿಗೆಯೆಂದು ತಿಳಿದು ಅವರು ಮುಂದುವರಿಯುತ್ತಾರೆ.

ಅಪ್ಪ ಒಪ್ಪಿದ ಮೇಲೆ ರೈಲಿನ ಟಿಕೆಟ್ ತೆಗೆಸುವಾಗ ಒಂದು ನೆನಪಿರಲಿ: ಅಜಂತಾ ಸೋಮವಾರ, ಎಲ್ಲೋರಾ ಮಂಗಳವಾರ ಮುಚ್ಚಿರುತ್ತವೆ.