ಇಂಗ್ಲಿಷ್ ಮಾತ್ರ ಬಲ್ಲವರು ಬರ್ಮೀಸ್ ಉಚ್ಚಾರಣೆ ಕಲಿಯುವುದು ಹೇಗೆ?

ನಿಮ್ಮ ಯಜಮಾನರು ಅಮೆರಿಕದವರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರಲ್ಲ, ಕೆಲಸಕ್ಕಾಗಿ ಮ್ಯಾನ್ಮಾರಿನ (ಹಳೆಯ ಬರ್ಮಾ) ಯಾಂಗೊನ್‌ಗೆ ಹೋಗುವವರಿದ್ದಾರೆ, ಎರಡು ತಿಂಗಳು ಕಲಿತರೂ ಅವರ ಬರ್ಮೀಸ್ ಟೀಚರಿಗೇ ಅರ್ಥವಾಗುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಯಾಂಗೊನ್‌ನಲ್ಲಿ ಎರಡು ವರ್ಷ ಇದ್ದೆ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಇಂಗ್ಲೆಂಡಿನವಳು. ಅವಳು ಪಟ್ಟ ಪಾಡು ಇನ್ನೂ ನೆನಪಿದೆ.

ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಬರ್ಮೀಸ್ ಬರೆದಿರುವ ಪುಸ್ತಕವನ್ನು ಮುಚ್ಚಿಡಲು ಹೇಳಿ. ಅಲ್ಲಿನ ದುಡ್ಡಿನ ಹೆಸರನ್ನು ಕೆ, ವೈ, ಎ, ಟಿ ಅಂತ ಬರೆಯುತ್ತಾರೆ. ಅದು ಕ್ಯಾಟ್ ಅಲ್ಲ. 'ಚ' ಅಂದು ಗಂಟಲಲ್ಲೇ ಟಕ್ ಅಂತ ನಿಲ್ಲಿಸಬೇಕು. ಪಗೋಡಾಕ್ಕೆ ಹೇಳುವ ಪದವನ್ನು ಪಿ, ಎಚ್ ಹಾಕಿ ಬರೆದರೆ ಇಂಗ್ಲಿಷಿನವರು ಫ್ಯಾನಿನ 'ಫ' ಮಾಡಿಬಿಡುತ್ತಾರೆ. ಅದು ನಮ್ಮ ವರ್ಣಮಾಲೆಯ ಅಸಲಿ ಫ, ಪಕಾರಕ್ಕೆ ಉಸಿರು ಸೇರಿಸಿದ್ದು. ಮ್ಯಾನ್ಮಾರ್ ಅನ್ನುವುದರ ಕೊನೆಯ 'ರ್' ಕೂಡ ಬರ್ಮೀಸಿನದಲ್ಲ. 'ಮಾ' ಅಂತ ಎಳೆಯಿರಿ ಅನ್ನಲು ಬ್ರಿಟಿಷ್ ಕಿವಿಗೆ ತಕ್ಕಂತೆ ಸೇರಿಸಿದ್ದು, ಅಷ್ಟೇ. ಲಂಡನ್ನಿನ ವಿಶ್ವವಿದ್ಯಾಲಯ ಸೋಆಸ್‌ನಲ್ಲಿ ಕಲಿಸುತ್ತಿದ್ದ ಜಾನ್ ಓಕೆಲ್ ಅವರ ಧ್ವನಿಪಾಠಗಳಿವೆ, ಅವನ್ನು ಕೇಳಿಸಿ.

ಬರ್ಮೀಸಿನಲ್ಲಿ ದನಿ ಏರಿಳಿದರೆ ಪದದ ಅರ್ಥವೇ ಬದಲಾಗುತ್ತದೆ, ಹಾಗಾಗಿ ಎಲ್ಲರೂ ಸ್ವರದ ಏರಿಳಿತಕ್ಕೆ ಹೆದರುತ್ತಾರೆ. ನಾನು ನೋಡಿದಂತೆ ಇಂಗ್ಲಿಷಿನವರು ಎಡವುವುದು ಅದಕ್ಕೂ ಮೊದಲೇ, ಕ ಮತ್ತು ಖ ಹತ್ತಿರ. ಒಂದು ದಿನ ಟೀ ಅಂಗಡಿಯಲ್ಲಿ ಕೂತಿದ್ದೆವು. ಆ ಇಂಗ್ಲೆಂಡಿನ ಗೆಳತಿ ಬಾಡಿಗೆ ಕಾರಿಗೆ ಕಾಯುತ್ತಿದ್ದಳು. ಬರ್ಮೀಸಿನಲ್ಲೂ ಕಾರಿಗೆ 'ಕಾ' ಅಂತಲೇ ಹೇಳುತ್ತಾರೆ, ಇಂಗ್ಲಿಷಿನಿಂದ ಹೋದ ಪದ. ಸುಲಭ ಅಲ್ವಾ? ಅವಳು ರಸ್ತೆ ಕಡೆ ನೋಡುತ್ತಾ 'ಕಾ, ಕಾ' ಅಂದಳು. ಅಂಗಡಿಯಾಕೆ ಬಂದು ಅವಳ ಟೀಗೆ ಇನ್ನೊಂದು ಚಮಚ ಸಿಹಿ ಮಂದಹಾಲು ಸುರಿದು ಹೋದಳು. ಆಗಿದ್ದೇನು ಗೊತ್ತಾ? ಇಂಗ್ಲಿಷಿನವರ ಬಾಯಲ್ಲಿ ಪದದ ಮೊದಲ 'ಕ' ಉಸಿರು ಹೊತ್ತುಕೊಂಡೇ ಬರುತ್ತದೆ. ಅವಳು 'ಕಾ' ಅಂದದ್ದು ಆಕೆಗೆ 'ಖಾ' ಅಂತ ಕೇಳಿಸಿತ್ತು. ಖಾ ಅಂದರೆ ಕಹಿ!

ಇದಕ್ಕೆ ಮದ್ದು ಇಂಗ್ಲಿಷಿನಲ್ಲೇ ಇದೆ. ಬಾಯಿ ಮುಂದೆ ಅಂಗೈ ಹಿಡಿದು ಅವರು 'ಕೀ' ಅನ್ನಲಿ, ಆಮೇಲೆ 'ಸ್ಕೈ' ಅನ್ನಲಿ. ಮೊದಲನೆಯದರಲ್ಲಿ ಗಾಳಿ ತಾಗುತ್ತದೆ, ಎರಡನೆಯದರಲ್ಲಿ ಇಲ್ಲ. ಸ್ಕೈನಲ್ಲಿರುವುದೇ ಕಾರಿನ ಕ. ಪ, ತ ಎರಡಕ್ಕೂ ಇದೇ ಲೆಕ್ಕ. ನೀವು ಹೇಳಿಕೊಡಬಹುದು, ಆದರೆ ಮೊದಲು ನಿಮ್ಮ ಬಾಯನ್ನೂ ಪರೀಕ್ಷಿಸಿಕೊಳ್ಳಿ. ನಾವೂ ಖಾರವನ್ನು ಕಾರ ಅಂತಲೇ ಅನ್ನುವ ಜನ!

ಇನ್ನು ಸ್ವರದ ಏರಿಳಿತ. ಸಾ ಅಂತ ತಗ್ಗಿನಲ್ಲಿ, ಸಮವಾಗಿ ಎಳೆದರೆ ಬರಹ. ಎತ್ತರದಲ್ಲಿ ಎಳೆದರೆ ತಿನ್ನುವುದು. ಗಂಟಲು ಬಿಗಿಹಿಡಿದು ಚಿಕ್ಕದಾಗಿ 'ಸ' ಅಂದರೆ ಶುರುಮಾಡುವುದು. ಅದನ್ನೇ ಟಕ್ ಅಂತ ತುಂಡರಿಸಿದರೆ ಖಾರ. ಈ ಕೊನೆಯದನ್ನು ಹಿಡಿಯಲು ಒಂದು ಗುಟ್ಟಿದೆ. 'ತಿನ್ನುತ್ತೆ' ಅನ್ನಲು 'ಸಾದೆ' ಅನ್ನುತ್ತಾರೆ, 'ಖಾರ ಇದೆ' ಅನ್ನಲು 'ಸತೆ'. ಪ್ರತ್ಯಯ ಒಂದೇ. ಮೊದಲನೆಯದರಲ್ಲಿ ತ ಹೋಗಿ ದ ಆಗಿದೆ, ಟಕ್ ಅಂತ ನಿಂತ ಕಡೆ ತ ಹಾಗೇ ಉಳಿದಿದೆ. ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದಲ್ಲ, ಅದೇ ತರಹ. ಬರೆಯುವಾಗ ರನ್, ಕುನ್ ಅಂತಿರುವುದು ಬಾಯಲ್ಲಿ ಯಾಂಗೊನ್ ಆಗುವುದರಲ್ಲೂ ಕ ಹೀಗೇ ಗ ಆಗಿದೆ. ರ ಯಾಕೆ ಯ ಆಯ್ತು ಅಂದರೆ, ಹಳೆಯ ಬರಹ ಹಾಗೇ ಉಳಿದು ಮಾತು ಬದಲಾಗಿದೆ. ನಮ್ಮ ರಥ ಪಾಳಿ ಭಾಷೆಯಿಂದ ಅಲ್ಲಿಗೆ ಹೋಗಿ, ಈಗ 'ಯಥಾ' ಅನ್ನಿಸಿಕೊಂಡು ರೈಲಾಗಿ ಓಡುತ್ತಿದೆ!

ಮೀನಿಗೆ 'ಙಾ' ಅನ್ನಬೇಕು. ಇಂಗ್ಲಿಷಿನವರು 'ಸಿಂಗರ್' ಪದದ ಮೊದಲ 'ಸಿ' ಬಿಟ್ಟು ಉಳಿದದ್ದನ್ನು ಹೇಳಿದರೆ ಹತ್ತಿರ ಬರುತ್ತದೆ. ಆದರೆ ಪ್ರಶ್ನೆ ಕೇಳುವಾಗ ಮಾತಿನ ಕೊನೆಯನ್ನು ಮೇಲೆತ್ತುವ ಇಂಗ್ಲಿಷ್ ಚಾಳಿ ಮಾತ್ರ ಬಿಡಬೇಕು, ಪದದ ಅರ್ಥವೇ ಬದಲಾಗಬಹುದು. ಹೌದಾ ಇಲ್ಲವಾ ಅಂತ ಕೇಳಲು ಕೊನೆಗೆ 'ಲಾ' ಸೇರಿಸುತ್ತಾರೆ, ನಾವು 'ಬರ್ತೀರಾ' ಅನ್ನುವಾಗ ಬಾಲಕ್ಕೆ 'ಆ' ಹಚ್ಚುವ ಹಾಗೆ.

ಮೊದಲ ವಾರ ಬೇರೇನೂ ಬೇಡ. ಕಾ ಮತ್ತು ಖಾ, ಇವೆರಡನ್ನೇ ಹೇಳಿಸಿ. ನೀವು ಕಣ್ಣು ಮುಚ್ಚಿ ಅವರ ಬಾಯಿ ಮುಂದೆ ಅಂಗೈ ಹಿಡಿಯಿರಿ. ಕಾರೋ ಕಹಿಯೋ ಅಂತ ಹತ್ತು ಸಲ ಸರಿಯಾಗಿ ಗೊತ್ತಾದರೆ ಮುಂದಿನ ಪಾಠಕ್ಕೆ ಹೋಗಿ.