ಕೋಳಿ ಮೈ ತೊಳೆಯಬೇಡಿ, ಬೂದಿ ಗುಂಡಿ ಮಾಡಿಕೊಡಿ

ದಾವಣಗೆರೆಯಲ್ಲಿ ಹಿತ್ತಲಲ್ಲೇ ಆರೇಳು ನಾಟಿ ಕೋಳಿ ಸಾಕಿದ್ದೀರಿ. ಪುಕ್ಕ ಉದುರುತ್ತಿದೆ, ಸ್ನಾನ ಮಾಡಿಸಬೇಕಾ, ಬೇಸಿಗೆಗೆ ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಚಳ್ಳಕೆರೆ ಕಡೆಯವನು, ನಮ್ಮ ಮನೆಯಲ್ಲಿ ಕೋಳಿ ಇಲ್ಲದ ಕಾಲವೇ ಇಲ್ಲ.

ನೀರು ಹಾಕಿ ತೊಳೆಯುವುದು ಬೇಡ. ಕೋಳಿ ಮಣ್ಣಲ್ಲಿ ಹೊರಳಾಡಿ ತಾನೇ ಮೈ ಶುಚಿ ಮಾಡಿಕೊಳ್ಳುತ್ತದೆ. ಮಳೆ ತಾಗದ ಮೂಲೆಯಲ್ಲಿ ಗೇಣು ಆಳದ ಗುಂಡಿ ತೆಗೆದು, ಒಣ ಮಣ್ಣಿಗೆ ಮರಳು ಮತ್ತು ಪೂರ್ತಿ ಆರಿದ ಸೌದೆ ಬೂದಿ ಬೆರೆಸಿ ಹಾಕಿ.

ಪುಕ್ಕ ಯಾಕೆ ಉದುರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಕತ್ತಲಾದ ಮೇಲೆ ಒಂದು ಕೋಳಿ ಹಿಡಿದು, ಬಾಲದ ಕೆಳಗಿನ ಪುಕ್ಕ ಬಿಡಿಸಿ ಟಾರ್ಚ್ ಬಿಡಿ. ಹೇನಿದ್ದರೆ ಒಣಹುಲ್ಲಿನ ಬಣ್ಣದ ಹುಳ ಸರ್ರನೆ ಓಡುತ್ತವೆ, ಪುಕ್ಕದ ಬುಡಕ್ಕೆ ಬಿಳಿ ಸೀರು ಗೊಂಚಲಾಗಿ ಅಂಟಿರುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಹೇನಿನ ಪುಡಿ ಹಾಕಿ. ಸೀರು ಒಂದೇ ಸಲಕ್ಕೆ ಸಾಯುವುದಿಲ್ಲ, ಅವು ಮರಿಯಾದ ಮೇಲೆ ಇನ್ನೊಮ್ಮೆ ಹಾಕಲೇಬೇಕು. ಗೂಡಿನ ಸಂದಿಗಳನ್ನೂ ನೋಡಿ. ರಾತ್ರಿ ರಕ್ತ ಹೀರುವ ಕೆಂಪು ನುಸಿ ಹಗಲು ಅಲ್ಲೇ ಅಡಗಿರುತ್ತದೆ.

ಹೇನಿಲ್ಲ, ಕುತ್ತಿಗೆ ಕಡೆಯಿಂದ ಉದುರುತ್ತಾ ಮುಳ್ಳಿನಂಥ ಹೊಸ ಪುಕ್ಕ ಬರುತ್ತಿದೆ ಅಂದರೆ ಗಾಬರಿ ಬೇಡ. ದೊಡ್ಡ ಕೋಳಿಗಳು ವರ್ಷಕ್ಕೊಮ್ಮೆ ಹೀಗೆ ಪುಕ್ಕ ಬದಲಿಸುತ್ತವೆ, ಆಗ ಮೊಟ್ಟೆಯೂ ನಿಲ್ಲುತ್ತದೆ. ಪುಕ್ಕ ಬೆಳೆಯಲು ಪ್ರೋಟೀನ್ ಬೇಕು. ನಿಮ್ಮ ಕಡೆ ಮೆಕ್ಕೆಜೋಳ ಜಾಸ್ತಿ ಸಿಗುತ್ತೆ ಅಲ್ವಾ, ಆದರೆ ಅದೊಂದೇ ಸಾಲದು. ಸ್ವಲ್ಪ ಶೇಂಗಾ ಹಿಂಡಿ ಸೇರಿಸಿ. ಬೂಸ್ಟು ಹಿಡಿದ ಹಿಂಡಿಯನ್ನು ಮಾತ್ರ ಮುಟ್ಟಿಸಲೇಬೇಡಿ, ಅದರ ವಿಷ ನೇರ ಲಿವರ್‌ಗೆ ಹೋಗುತ್ತದೆ.

ಬೇಸಿಗೆ ಅಂದರೆ ನಮ್ಮ ಬಯಲುಸೀಮೆಯಲ್ಲಿ ನಿಜಕ್ಕೂ ಕಷ್ಟ. ಕೋಳಿಗೆ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ, ರೆಕ್ಕೆ ಅಗಲಿಸಿ ನಿಂತರೆ ತಕ್ಷಣ ನೆರಳಿಗೆ ತನ್ನಿ. ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು ಮಧ್ಯಾಹ್ನ ಬದಲಿಸಿ. ಕಾಳನ್ನು ತಂಪು ಹೊತ್ತಲ್ಲಿ ಹಾಕಿ. ಗೂಡಿನ ಬಿಸಿಲ ಬದಿಗೆ ಒದ್ದೆ ಗೋಣಿಚೀಲ ಕಟ್ಟಿ, ಗಾಳಿಗೆ ಮಾತ್ರ ದಾರಿ ಬಿಡಿ.

ಮಳೆಗಾಲಕ್ಕೆ ನೆಲದ ಮೇಲೆ ಭತ್ತದ ಹೊಟ್ಟು ಹರವಿ, ಒದ್ದೆಯಾದದ್ದನ್ನು ಆಗಾಗ ತೆಗೆಯಿರಿ. ಒದ್ದೆಯಲ್ಲೇ ಬಿಟ್ಟರೆ ಮರಿಗಳಿಗೆ ರಕ್ತಭೇದಿ ಬರುತ್ತದೆ.

ಕೊಕ್ಕರೆ ರೋಗದ, ಅಂದರೆ ಕೋಳಿಗೆ ಬರುವ ರಾಣಿಖೇತ್ ರೋಗದ ಲಸಿಕೆ ಹಾಕಿಸಿದ್ದೀರಾ? ನೀವು ಬರೆದಿಲ್ಲ. ಮರಿಗೆ ಮೊದಲ ವಾರದಲ್ಲಿ ಒಂದು ಹನಿ, ಸುಮಾರು 8 ವಾರಕ್ಕೆ ಇಂಜೆಕ್ಷನ್. ಆಗಿಲ್ಲದಿದ್ದರೆ ಈ ವಾರವೇ ಪಶು ವೈದ್ಯರನ್ನು ಕಾಣಿ. ರೋಗ ಬಂದ ಮೇಲೆ ಅದಕ್ಕೆ ಔಷಧಿ ಇಲ್ಲ.